ಅಕ್ಕನ ಫೈಲಿಗೆ ಕೆಂಪು ಸ್ಟಿಕ್ಕರ್ ಅಂಟಿಸಿ "ಆಪರೇಷನ್ ಆಗಲ್ಲ" ಅಂದ್ರು. 2017ರ ಎಚ್‌ಐವಿ ಕಾಯ್ದೆ ನಿಜಕ್ಕೂ ಉಪಯೋಗಕ್ಕೆ ಬರುತ್ತಾ?

ಬೆಣ್ಣೆದೋಸೆ_ಹುಡುಗ · ಸೋಮವಾರ, ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬೈಕು, ಮೈಲೇಜು ಅಂತ ಹರಟೆ ಹೊಡೀತಿದ್ದೆ, ಇವತ್ತು ಬೇರೆ ವಿಷಯ.

ನಮ್ಮಕ್ಕ ಎಚ್‌ಐವಿ ಪಾಸಿಟಿವ್. ಭಾವನಿಂದ ಬಂದಿದ್ದು. ಭಾವ 2009ರಲ್ಲಿ ತೀರ್ಕೊಂಡ್ರು. ಅಕ್ಕ ಅವತ್ತಿಂದ ಎಆರ್‌ಟಿ (ಎಚ್‌ಐವಿ ಹತೋಟಿಯಲ್ಲಿಡೋ) ಮಾತ್ರೆ ತಪ್ಪಿಸಿಲ್ಲ. ವೈರಲ್ ಲೋಡ್, ಅಂದ್ರೆ ರಕ್ತದಲ್ಲಿರೋ ವೈರಸ್ ಪ್ರಮಾಣ, ಪತ್ತೆಯೇ ಆಗದಷ್ಟು ಕಡಿಮೆ. ಟೈಲರಿಂಗ್ ಮಾಡಿ ಮಗಳನ್ನ ಡಿಗ್ರಿ ಓದಿಸ್ತಿದ್ದಾಳೆ.

ಪಿತ್ತಕೋಶದಲ್ಲಿ ಕಲ್ಲು ಅಂತ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ವಿ (ಹೆಸರು ಬೇಡ). "ಆಪರೇಷನ್ ಮುಂಚೆ ರೂಟೀನ್ ಬ್ಲಡ್ಡು" ಅಂತ ರಕ್ತ ತಗೊಂಡ್ರು, ಯಾವ ಟೆಸ್ಟು ಅಂತ ಹೇಳ್ಲಿಲ್ಲ. ಸಂಜೆ ಫೈಲಿನ ಮೇಲೆ ಕೆಂಪು ಸ್ಟಿಕ್ಕರ್ ಬಂತು. ಮಂಚಕ್ಕೂ ಒಂದು. ವಾರ್ಡ್‌ಬಾಯ್ ಊಟದ ತಟ್ಟೆ ಬಾಗಿಲ ಹತ್ರ ಇಟ್ಟು ಹೋದ. ಪಕ್ಕದ ಬೆಡ್ಡಿನವ್ರು ರಾತ್ರಿಯೇ ರೂಮು ಬದಲಾಯಿಸ್ಕೊಂಡ್ರು. ಬೆಳಿಗ್ಗೆ "ನಮ್ಮಲ್ಲಿ ಸೌಲಭ್ಯ ಇಲ್ಲ, ಬೆಂಗಳೂರಿಗೆ ಹೋಗಿ" ಅಂದ್ರು. ಹಿಂದಿನ ದಿನ ಇದ್ದ ಸೌಲಭ್ಯ ರಾತ್ರೋರಾತ್ರಿ ಎಲ್ಲಿ ಹೋಯ್ತೋ.

2017ರಲ್ಲಿ ಕಾಯ್ದೆ ಬಂದಿದೆ ಅಂತ ಓದಿದ್ದೆ. ಅದು ಖಾಸಗಿಯವ್ರಿಗೂ ಅನ್ವಯಿಸುತ್ತಾ? ಕೇಸ್ ಹಾಕ್ಬೇಕು ಅಂತಿದೀನಿ. ಪೇಪರ್‌ಗೂ ಕೊಡ್ಬೇಕು ಅಂತಿದೀನಿ. ಗೊತ್ತಿದ್ದವ್ರು ಹೇಳಿ.

ಹುಬ್ಳಿ_ಮಂದಿ · 9:52

ಬಿಡಬ್ಯಾಡ್ರಿ ಅವರನ್ನ. ಟಿವಿಯವರನ್ನ ಕರಸ್ರಿ.

ನೇರ_ಮಾತು · 10:05

ಬೇಜಾರಾದ್ರೂ ಹೇಳ್ತೀನಿ. ನಿಮ್ಮಕ್ಕ ಅಡ್ಮಿಟ್ ಆಗುವಾಗಲೇ ಹೇಳ್ಬೇಕಿತ್ತು. ಚಾಕು ಹಿಡಿಯೋ ಡಾಕ್ಟರಿಗೂ ಹೆಂಡ್ತಿ ಮಕ್ಕಳು ಇರ್ತಾರೆ. ಮುಚ್ಚಿಟ್ಟು ಆಮೇಲೆ ಹಕ್ಕು ಅಂದ್ರೆ ಹೇಗೆ?

ಥಿಯೇಟರ್_ಸಿಸ್ಟರ್ · 10:31

ನಾನು ಮಂಗಳೂರು, ಆಪರೇಷನ್ ಥಿಯೇಟರಿನಲ್ಲಿ ಹತ್ತೊಂಬತ್ತು ವರ್ಷ ಆಯಿತು. ನೇರ ಮಾತು ಅವರೇ, ನಾನೂ ನೇರವಾಗಿಯೇ ಹೇಳುತ್ತೇನೆ.

ಥಿಯೇಟರಿಗೆ ಬರುವ ಪ್ರತಿಯೊಬ್ಬರ ರಕ್ತವೂ ಸೋಂಕಿನ ರಕ್ತ ಅಂದುಕೊಂಡೇ ನಾವು ಕೆಲಸ ಮಾಡಬೇಕು. ಡಬಲ್ ಗ್ಲೌಸ್, ಕನ್ನಡಕ, ಸೂಜಿ ಕೈಯಿಂದ ಕೈಗೆ ಕೊಡದೆ ಟ್ರೇಯಲ್ಲಿ ಇಡುವುದು, ಎಲ್ಲ ಎಲ್ಲರಿಗೂ. ಯಾಕೆಂದರೆ ಹೊಸದಾಗಿ ಸೋಂಕು ತಗುಲಿದವರ ಟೆಸ್ಟು ಕೆಲವು ವಾರ ನೆಗೆಟಿವ್ ತೋರಿಸಬಹುದು. ರಿಪೋರ್ಟ್ ನೋಡಿ ಗ್ಲೌಸ್ ಹಾಕುವವರಿಗೆ ಆ ನೆಗೆಟಿವ್ ರಿಪೋರ್ಟೇ ಅಪಾಯ.

ಸೂಜಿ ಚುಚ್ಚಿದರೆ ಎಚ್‌ಐವಿ ಬರುವ ಸಾಧ್ಯತೆ ಸುಮಾರು 0.3%, ಅಂದರೆ ಸಾವಿರ ಸಲ ಚುಚ್ಚಿದರೆ ಮೂರು. ಹೆಪಟೈಟಿಸ್ ಬಿ ಆದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ, 30% ತನಕ ಹೋಗುತ್ತದೆ. ಅದಕ್ಕೆ ಯಾರೂ ಮಂಚಕ್ಕೆ ಸ್ಟಿಕ್ಕರ್ ಅಂಟಿಸಿದ್ದು ನಾನು ನೋಡಿಲ್ಲ ಮಾರಾಯ್ರೆ. ಅಲ್ಲದೆ ಚುಚ್ಚಿದ ಮೇಲೂ ಸೋಂಕು ತಡೆಯಲು ಪಿಇಪಿ ಅನ್ನುವ ಮಾತ್ರೆ ಇದೆ. ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರು ಮಾಡಿ 28 ದಿನ ತಗೊಳ್ಳಬೇಕು. ನಾನೇ ಒಮ್ಮೆ ತಗೊಂಡಿದ್ದೇನೆ. ವಾಕರಿಕೆ ಬಂತು, ಬೇರೆ ಏನೂ ಆಗಲಿಲ್ಲ.

ಡಾಕ್ಟ್ರು_ಶಿವಮೊಗ್ಗ · 11:15

ನಾನು ಸರ್ಜನ್. ಸಿಸ್ಟರ್ ಹೇಳಿದ್ದು ಅಕ್ಷರಶಃ ಸರಿ, ಪಠ್ಯಪುಸ್ತಕದಲ್ಲೂ ಹಾಗೇ ಇದೆ. ಆದರೆ ಸಣ್ಣ ನರ್ಸಿಂಗ್ ಹೋಮಿನ ಒಳಗಿನ ಕಥೆಯನ್ನೂ ಕೇಳಿ. ಅನಸ್ತೇಷಿಯಾದವರು ಹೊರಗಿಂದ ಬರುತ್ತಾರೆ, ಕೇಸಿಗೆ ಇಷ್ಟು ಅಂತ. "ಪಾಸಿಟಿವ್ ಕೇಸಿಗೆ ಬರಲ್ಲ" ಅಂದರೆ ನಾನು ಒಬ್ಬನೇ ಏನು ಮಾಡಲಿ? ವಾರ್ಡಿನಲ್ಲಿ ಸುದ್ದಿ ಹಬ್ಬಿದರೆ ಉಳಿದ ರೋಗಿಗಳು ಖಾಲಿ ಮಾಡುತ್ತಾರೆ. ಸಮರ್ಥನೆ ಅಲ್ಲ ಇದು. ಭಯ ಬರೀ ಡಾಕ್ಟರ ತಲೆಯಲ್ಲಿಲ್ಲ ಅಂತ ಹೇಳಿದೆ ಅಷ್ಟೆ.

ನಾನು ಪಾಸಿಟಿವ್ ರೋಗಿಗಳಿಗೆ ಆಪರೇಷನ್ ಮಾಡಿದ್ದೇನೆ. ಮೊದಲನೇ ಸಲ ಕೈ ನಡುಗಿತ್ತು, ಸುಳ್ಳು ಹೇಳಲ್ಲ.

ಹುಬ್ಳಿ_ಮಂದಿ · 11:20

ಸುದ್ದಿ ತಾನಾಗೇ ಹಬ್ಬತೈತೇನ್ರಿ ಡಾಕ್ಟ್ರ? ಸ್ಟಿಕ್ಕರ್ ಹಚ್ಚಿದವ್ರು ಯಾರು?

ಡಾಕ್ಟ್ರು_ಶಿವಮೊಗ್ಗ · 11:24

ಒಪ್ಪಿದೆ.

ಕಪ್ಪು_ಕೋಟು · ಮಧ್ಯಾಹ್ನ 1:10

ವಕೀಲ, ಬೆಂಗಳೂರು. ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ.

ಕಾಯ್ದೆ 2017ರದ್ದು, ಜಾರಿಗೆ ಬಂದಿದ್ದು 2018ರ ಸೆಪ್ಟೆಂಬರ್ 10ರಂದು. ಖಾಸಗಿಯವರಿಗೂ ಅನ್ವಯ. 3ನೇ ಕಲಂ "ಯಾವ ವ್ಯಕ್ತಿಯೂ" ತಾರತಮ್ಯ ಮಾಡಬಾರದು ಅನ್ನುತ್ತದೆ. ಚಿಕಿತ್ಸೆ ನಿರಾಕರಿಸುವುದು ಅದರಲ್ಲೇ ಇದೆ. 5ನೇ ಕಲಂ ಪ್ರಕಾರ ತಿಳಿಸಿ ಒಪ್ಪಿಗೆ ಪಡೆಯದೆ ಎಚ್‌ಐವಿ ಟೆಸ್ಟ್ ಮಾಡುವಂತಿಲ್ಲ. "ರೂಟೀನ್ ಬ್ಲಡ್ಡು" ಅಂದರೆ ತಿಳಿಸಿದಂತಲ್ಲ. ಟೆಸ್ಟಿಗೆ ಮುಂಚೆ ಮತ್ತು ನಂತರ ಆಪ್ತ ಸಮಾಲೋಚನೆ ಆಗಬೇಕು. ದಾಖಲೆಗಳನ್ನು ಗೌಪ್ಯವಾಗಿ ಕಾಪಾಡುವ ಹೊಣೆಯೂ ಆಸ್ಪತ್ರೆಯದ್ದೇ, ಹಾಗಾಗಿ ಮಂಚದ ಸ್ಟಿಕ್ಕರ್‌ಗೆ ಯಾವ ಸಮರ್ಥನೆಯೂ ಇಲ್ಲ.

ನೇರ ಮಾತು ಅವರಿಗೆ: ಕೋರ್ಟ್ ಆದೇಶ ಇಲ್ಲದೆ ಯಾರನ್ನೂ ತನ್ನ ಎಚ್‌ಐವಿ ಸ್ಥಿತಿ ಹೇಳು ಅಂತ ಬಲವಂತ ಮಾಡುವಂತಿಲ್ಲ, 8ನೇ ಕಲಂ. ಬೆಣ್ಣೆದೋಸೆಯವರಿಗೂ ಒಂದು ಮಾತು: ಚಿಕಿತ್ಸೆಗೆ ಅಗತ್ಯವಿದ್ದಷ್ಟು ಮಟ್ಟಿಗೆ ಒಬ್ಬ ವೈದ್ಯರು ಇನ್ನೊಬ್ಬರಿಗೆ ತಿಳಿಸಬಹುದು, ಅದಕ್ಕೆ ವಿನಾಯಿತಿ ಇದೆ. ಅನಸ್ತೇಷಿಯಾದವರಿಗೆ ಹೇಳಿದ್ದರೆ ಅದು ತಪ್ಪಲ್ಲ. ತಟ್ಟೆ ಇಡುವವನಿಗೂ ಪಕ್ಕದ ಬೆಡ್ಡಿಗೂ ತಿಳಿದದ್ದು ತಪ್ಪು.

ದೂರು ಎಲ್ಲಿ? ಇಪ್ಪತ್ತು ಅಥವಾ ಹೆಚ್ಚು ಜನ ಇರುವ ಆಸ್ಪತ್ರೆಯಲ್ಲಿ ಒಬ್ಬ ದೂರು ಅಧಿಕಾರಿ ಇರಲೇಬೇಕು (ಬೇರೆ ಸಂಸ್ಥೆಗಳಿಗೆ ಈ ಮಿತಿ ನೂರು). ಅದರ ಮೇಲೆ ರಾಜ್ಯದ ಓಂಬುಡ್ಸ್‌ಮನ್, ಅಂದರೆ ಇಂಥ ದೂರು ವಿಚಾರಿಸುವ ಅಧಿಕಾರಿ. ಅವರು 30 ದಿನದಲ್ಲಿ ಆದೇಶ ಕೊಡಬೇಕು. ವೈದ್ಯಕೀಯ ತುರ್ತು ಇದ್ದರೆ ಸಾಧ್ಯವಾದಷ್ಟೂ 24 ಗಂಟೆಯೊಳಗೆ. ಹೆಸರು ಮುಚ್ಚಿಟ್ಟು, ಬೇರೆ ಹೆಸರಲ್ಲಿ ವಿಚಾರಣೆ ನಡೆಸಿ ಅಂತ ಕೋರ್ಟನ್ನೂ ಕೇಳಬಹುದು. ಪೇಪರ್‌ಗೆ ಕೊಟ್ಟ ಮೇಲೆ ಆ ಗೌಪ್ಯತೆಗೆ ಅರ್ಥ ಇರಲ್ಲ, ಯೋಚನೆ ಮಾಡಿ.

ನೇರ_ಮಾತು · 1:32

ಆದೇಶ ಪಾಲಿಸದಿದ್ರೆ ದಂಡ ಎಷ್ಟು ಸಾರ್?

ಕಪ್ಪು_ಕೋಟು · 1:40

ಹತ್ತು ಸಾವಿರದವರೆಗೆ. ಮುಂದುವರಿಸಿದರೆ ದಿನಕ್ಕೆ ಐದು ಸಾವಿರದವರೆಗೆ.

ನೇರ_ಮಾತು · 1:41

ಆ ಹತ್ತು ಸಾವಿರವನ್ನ ಅವರು ಮುಂದಿನ ರೋಗಿ ಬಿಲ್ಲಲ್ಲಿ "ಇತರೆ" ಅಂತ ಹಾಕಿ ವಸೂಲಿ ಮಾಡ್ತಾರೆ 😄

ಕಪ್ಪು_ಕೋಟು · 1:55

ನಗುವಂಥದ್ದೇ, ನಿಜ. ಸರ್ಕಾರ ಚಿಕಿತ್ಸೆ ಕೊಡಬೇಕು ಅನ್ನುವ ಕಡೆಯೂ "ಸಾಧ್ಯವಾದಷ್ಟು ಮಟ್ಟಿಗೆ" ಅಂತ ಒಂದು ಬಾಲ ಇದೆ. ಆ ಪದದ ವಿರುದ್ಧ ಪಾಸಿಟಿವ್ ಜನರ ಸಂಘಟನೆಗಳು ಎಷ್ಟು ಕೂಗಿದರೂ ತೆಗೆಯಲಿಲ್ಲ.

ಆದರೂ ಎಲ್ಲಿಂದ ಎಲ್ಲಿಗೆ ಬಂದಿದ್ದೇವೆ ನೋಡಿ. 1989ರಲ್ಲಿ ಗೋವಾದ ಡೊಮಿನಿಕ್ ಡಿಸೋಜಾ ರಕ್ತದಾನ ಮಾಡಲು ಹೋಗಿದ್ದರು. ಪಾಸಿಟಿವ್ ಅಂತ ಗೊತ್ತಾದ ತಕ್ಷಣ ಪೊಲೀಸರು ಕರೆದುಕೊಂಡು ಹೋಗಿ ಹಳೇ ಕ್ಷಯರೋಗ ಆಸ್ಪತ್ರೆಯಲ್ಲಿ 64 ದಿನ ಕೂಡಿಹಾಕಿದರು. ಅದು ಆಗ ಗೋವಾದಲ್ಲಿ ಕಾನೂನುಬದ್ಧ! ಅವರ ತಾಯಿ ಹೈಕೋರ್ಟಿಗೆ ಹೋದರು. 1997ರಲ್ಲಿ ಬಾಂಬೆ ಹೈಕೋರ್ಟು, ದುಡಿಯಲು ಶಕ್ತನಾಗಿರುವವನಿಗೆ ಬರೀ ಎಚ್‌ಐವಿ ಇದೆ ಅಂತ ಕೆಲಸ ನಿರಾಕರಿಸುವಂತಿಲ್ಲ ಅಂದಿತು. ಆ ಕೇಸಲ್ಲಿ ಗುರುತು ಮುಚ್ಚಿಡಲು ಕೂಲಿಕಾರ್ಮಿಕನ ಹೆಸರಿನ ಬದಲು ಹಾಕಿದ್ದು ಬರೀ ಎರಡು ಇಂಗ್ಲಿಷ್ ಅಕ್ಷರ. ಇವತ್ತಿನ ಗೌಪ್ಯತೆ ಕಲಮಿನ ಹಿಂದೆ ಆ ಎರಡು ಅಕ್ಷರ ಇದೆ.

ಕುಂದಾಪ್ರ_ಕಡಲು · 2:20

ಮದುವೆ ಮುಂಚೆ ಎಲ್ಲರಿಗೂ ಟೆಸ್ಟ್ ಕಡ್ಡಾಯ ಮಾಡಿದ್ರೆ ಇವ್ರ ಅಕ್ಕನಿಗೆ ಈ ಗತಿ ಬರ್ತಿರಲಿಲ್ಲ ಅಲ್ದಾ? ಜಾತಕ ನೋಡುವ ಬದಲು ರಿಪೋರ್ಟ್ ನೋಡಿ.

ಲಂಡನ್_ಗೌಡ್ತಿ · 3:05

ನಾನು ಹಾಸನದವಳು, ಇಲ್ಲಿ ಫಾರ್ಮಸಿಸ್ಟ್. ಕಡ್ಡಾಯ ಟೆಸ್ಟನ್ನ ಅಮೆರಿಕದ ಇಲಿನಾಯ್ ರಾಜ್ಯ 1988ರಲ್ಲಿ ಮಾಡಿ ನೋಡಿತ್ತು. ಜನ ಪಕ್ಕದ ರಾಜ್ಯಕ್ಕೆ ಹೋಗಿ ಮದುವೆ ಆದರು. ಲಕ್ಷಗಟ್ಟಲೆ ಡಾಲರ್ ಖರ್ಚಾಗಿ ಸಿಕ್ಕಿದ್ದು ಬೆರಳೆಣಿಕೆಯ ಕೇಸು. ಮರುವರ್ಷವೇ ರದ್ದು. ನಮ್ಮಲ್ಲಿ ಆದರೆ ಹೆಣ್ಣಿನ ರಿಪೋರ್ಟ್ ಮಾತ್ರ ಊರೆಲ್ಲ ತಿರುಗುತ್ತೆ, ಗಂಡಿನದ್ದು ಲ್ಯಾಬಿನವರಿಗೆ ಐನೂರು ಕೊಟ್ಟರೆ ಆಯ್ತು. ಅಲ್ಲದೆ ಮದುವೆ ದಿನ ನೆಗೆಟಿವ್ ಇದ್ದವನು ಆಮೇಲೆ ಏನಾಗ್ತಾನೆ ಅಂತ ಯಾವ ರಿಪೋರ್ಟೂ ಹೇಳಲ್ಲ.

ಇನ್ನೊಂದು ವಿಷಯ ಇಲ್ಲಿ ಯಾರೂ ಹೇಳಲಿಲ್ಲ. ವೈರಲ್ ಲೋಡ್ ಪತ್ತೆಯಾಗದ ಮಟ್ಟದಲ್ಲಿ ಇದ್ದರೆ ಲೈಂಗಿಕ ಸಂಪರ್ಕದಿಂದಲೂ ಸೋಂಕು ದಾಟಲ್ಲ. ಯುರೋಪಿನ ಪಾರ್ಟ್‌ನರ್ ಅಧ್ಯಯನ 2016ರಲ್ಲಿ ಬಂತು. ಒಬ್ಬರು ಪಾಸಿಟಿವ್, ಒಬ್ಬರು ನೆಗೆಟಿವ್ ಇರುವ ಜೋಡಿಗಳು, ಕಾಂಡೋಮ್ ಇಲ್ಲದೆ ಸುಮಾರು 58 ಸಾವಿರ ಸಲ. ಸಂಗಾತಿಯಿಂದ ದಾಟಿದ ಸೋಂಕು ಸೊನ್ನೆ. ಆ ಅಕ್ಕನ ತಟ್ಟೆಯನ್ನ ಬಾಗಿಲಲ್ಲಿ ಇಟ್ಟವನಿಗೆ ಇದನ್ನ ಯಾರು ಹೇಳಬೇಕು?

ಕುಂದಾಪ್ರ_ಕಡಲು · 3:11

ಇದು ಗೊತ್ತಿರಲಿಲ್ಲ. ಸೊನ್ನೆಯಾ?

ಲಂಡನ್_ಗೌಡ್ತಿ · 3:12

ಸೊನ್ನೆ.

ಆರೋಗ್ಯ_ಸಿದ್ಧಿ · 3:30

[ಈ ಪ್ರತಿಕ್ರಿಯೆಯನ್ನು ಅಳಿಸಲಾಗಿದೆ]

ಮಾಡರೇಟರ್ · 3:38

"45 ದಿನದಲ್ಲಿ ಏಡ್ಸ್ ಮಾಯ" ಕಷಾಯದ ಜಾಹೀರಾತು ಇಲ್ಲಿ ಬೇಡ. ಏಡ್ಸ್ ಗುಣಪಡಿಸುತ್ತೇವೆ ಅಂತ ಔಷಧಿ ಮಾರುವುದು ಔಷಧ ನಿಯಮಗಳ ಶೆಡ್ಯೂಲ್ ಜೆ ಪ್ರಕಾರ ನಿಷಿದ್ಧ. ಖಾತೆ ಬಂದ್.

ಹುಬ್ಳಿ_ಮಂದಿ · 3:40

ನಮ್ಮ ಕಾಕಾ ಆ ಕಷಾಯಕ್ಕ ಎರಡ ಎಕರೆ ಹೊಲ ಮಾರಿದ್ರು. 2003ರಾಗ. ಪುಕ್ಕಟೆ ಮಾತ್ರಿ ಬಂದಿದ್ದು 2004ರ ಏಪ್ರಿಲ್ಲಿಗೆ. ಆರ ತಿಂಗಳು ತಡಕೊಂಡಿದ್ರ ಇವತ್ತ ಇರ್ತಿದ್ರು.

ದೇವರಾಜ_ಮಾರ್ಕೆಟ್ · ಸಂಜೆ 5:48

ಮೈಸೂರಿಂದ. ಹಿಂದೆ ಫೀಲ್ಡಲ್ಲಿ ಕೆಲಸ ಮಾಡ್ತಿದ್ದೆ, ಈಗ ಅಂಗಡಿ. ಕಾಯ್ದೆ ಕಲಂ ಎಲ್ಲ ಸರಿ ಸಾರ್, ಕಾಯ್ದೆ ಬರೋಕೆ ಮುಂಚೆ ಏನಾಯ್ತು ಅಂತ ಸ್ವಲ್ಪ ಹೇಳ್ತೀನಿ.

ಮೊದಮೊದಲು ಎನ್‌ಜಿಒ ಜೀಪಲ್ಲಿ ಬಂದು ಬಸ್ ಸ್ಟ್ಯಾಂಡಲ್ಲಿ ನಿಲ್ಲೋ ಹೆಂಗಸರಿಗೆ ಕಾಂಡೋಮ್ ಹಂಚಿ, ಫೋಟೋ ತೆಗ್ದು ಹೋಗೋರು. ಅವರು ಅದನ್ನ ಚರಂಡಿಗೆ ಎಸೆಯೋರು. ಯಾಕೆ ಗೊತ್ತಾ? ಬ್ಯಾಗಲ್ಲಿ ಕಾಂಡೋಮ್ ಸಿಕ್ಕಿದ್ರೆ ಪೊಲೀಸ್ನೋರಿಗೆ ಅದೇ ಸಾಕ್ಷಿ. ಜೀಪಿನವ್ರಿಗೆ ಇದು ಗೊತ್ತಾಗಲಿಲ್ಲ, ಯಾಕಂದ್ರೆ ಕೇಳಲಿಲ್ಲ.

2004ರಲ್ಲಿ ಆಶೋದಯ ಶುರುವಾಯ್ತು, ಲೈಂಗಿಕ ಕಾರ್ಮಿಕರದ್ದೇ ಸಂಘಟನೆ. ಕೋಲ್ಕತ್ತಾದ ಸೋನಾಗಾಚಿ ಅನ್ನೋ ಲೈಂಗಿಕ ಕಾರ್ಮಿಕರ ಬಡಾವಣೆಯಲ್ಲಿ ಇದೇ ದಾರಿ ಹಾಕಿದ್ದ ಡಾ. ಸ್ಮರಜಿತ್ ಜಾನಾ ಇಲ್ಲಿಗೂ ಜೊತೆ ಕೊಟ್ರು (2021ರಲ್ಲಿ ಕೋವಿಡ್‌ನಲ್ಲಿ ಹೋದ್ರು ಪುಣ್ಯಾತ್ಮ). ಅಲ್ಲಿ ಮೊದಲ ಪ್ರಶ್ನೆ "ನಿಮಗೇನು ತೊಂದ್ರೆ" ಅಂತ. ಉತ್ತರ ಎಚ್‌ಐವಿ ಅಲ್ಲ! ಪೊಲೀಸ್ ಹೊಡೆತ, ರೌಡಿ ಕಾಟ, ಸ್ನಾನಕ್ಕೆ ಜಾಗ ಇಲ್ಲ, ಮಗು ಮಲಗಿಸೋಕೆ ಜಾಗ ಇಲ್ಲ. ಅಲ್ಲಿಂದ ಶುರು ಮಾಡಿದ್ರು. ಸ್ನಾನ ಮಾಡಿ ಎರಡು ಗಂಟೆ ಮಲಗೋಕೆ ಒಂದು ಸೆಂಟರ್. ಯಾರನ್ನಾದ್ರೂ ಸ್ಟೇಷನ್ನಿಗೆ ಎಳ್ಕೊಂಡು ಹೋದ್ರೆ ಮಧ್ಯರಾತ್ರಿ ಆದ್ರೂ ಓಡಿ ಹೋಗೋ ಒಂದು ತಂಡ. ಆಮೇಲೆ ಕ್ಲಿನಿಕ್ಕಿಗೆ ಬನ್ನಿ ಅಂದ್ರೆ ಬಂದ್ರು, ಕರೆಯೋರೂ ಅವರ ಪೈಕಿಯೋರೇ.

ಕಾಂಡೋಮನ್ನ ಅಪರಾಧದ ಸಾಕ್ಷಿ ಅಂತ ಪರಿಗಣಿಸಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಮೇ ತಿಂಗಳಲ್ಲಿ. ನಮ್ಮ ಹೆಂಗಸರು ಅದನ್ನ ಸ್ಟೇಷನ್ ಮೆಟ್ಟಿಲ ಮೇಲೆ ಕೂತು ಹದಿನೈದು ವರ್ಷ ಮುಂಚೆ ಹೇಳಿದ್ರು.

ಪದಕೋಶ_ಪ್ರಿಯ · 6:15

ಒಂದು ಸಣ್ಣ ವಿಷಯ. "ಎಚ್‌ಐವಿ ಪೀಡಿತರು", "ಏಡ್ಸ್ ರೋಗಿ" ಅಂತ ಪತ್ರಿಕೆಗಳು ಈಗಲೂ ಬರೆಯುತ್ತವೆ. "ಎಚ್‌ಐವಿಯೊಂದಿಗೆ ಬದುಕುತ್ತಿರುವವರು" ಅನ್ನಬೇಕು. ಹಾಗೆಯೇ ಸರ್ಕಾರಿ ಕಡತದಲ್ಲಿ ಲೈಂಗಿಕ ಕಾರ್ಮಿಕರನ್ನು "ದಮನಿತ ಮಹಿಳೆಯರು" ಅನ್ನುತ್ತಾರೆ. ದಮನಿಸಿದವರು ಯಾರು ಅಂತ ಆ ಪದ ಹೇಳುವುದಿಲ್ಲ.

ನೇರ_ಮಾತು · 6:20

ಪದ ಬದಲಾಯಿಸಿದ್ರೆ ಕಲ್ಲು ಕರಗುತ್ತಾ? ಆ ಹೆಣ್ಮಗಳಿಗೆ ಹೊಟ್ಟೆ ನೋವು ಮಾರಾಯ್ರೆ.

ಹದಿನಾಲ್ಕು_ವರ್ಷ · ರಾತ್ರಿ 9:02

ಮುಂಜಾನಿಂದ ಓದಾಕತ್ತೀನಿ. ನಾ ಬಾಗಲಕೋಟಿ ಕಡೆಯಾಕಿ. ಹೆಸರ ನೋಡಿದ್ರ ತಿಳೀತೈತಿ, ಮಾತ್ರಿ ಶುರು ಆಗಿ ಹದಿನಾಲ್ಕು ವರ್ಷ.

ಇಲ್ಲಿ ವಕೀಲರು, ಡಾಕ್ಟ್ರು, ಸಿಸ್ಟರು ಎಲ್ಲಾರೂ ಶಾಣ್ಯಾರು, ಛಲೋ ಹೇಳೀರಿ. ಆದ್ರ ನನ್ನ ಮಾತ್ರಿ ಡಬ್ಬಿ ಬಗ್ಗೆ ಒಂದ ಹೇಳ್ತೀನಿ ಕೇಳ್ರಿ. ಹೊಸಾ ಡಬ್ಬಿ ಒಡದ ಕೂಡ್ಲೇ ಚೀಟಿ ಹರದು ಒಲಿಗೆ ಹಾಕ್ತೀನಿ. ಆಮ್ಯಾಲ ಡಬ್ಬಿ ಒಳಗ ಹತ್ತಿ ತುರಕ್ತೀನಿ, ಬಸ್ಸಿನ್ಯಾಗ ಚೀಲ ಅಲುಗಾಡಿದ್ರ ಮಾತ್ರಿ ಸಪ್ಪಳ ಆಗಬಾರ್ದು ಅಂತ. ನಮ್ಮ ಊರಿಗೆ ಹತ್ತಿರದ ಎಆರ್‌ಟಿ ಸೆಂಟರ್ ಬಿಟ್ಟು ಎರಡ ಬಸ್ ಬದಲಿ ಮಾಡಿ ಬ್ಯಾರೆ ಜಿಲ್ಲಾಕ್ಕ ಹೋಗ್ತಿದ್ದೆ, ಗುರುತಿನವರು ಸಿಗಬಾರ್ದು ಅಂತ. ಅಲ್ಲಿ ಒಂದಿನ ಸಾಲಿನ್ಯಾಗ ನಮ್ಮ ಓಣಿ ಗೌರಕ್ಕ (ಹೆಸರು ಬದಲಿ ಮಾಡೀನಿ) ನಿಂತಾಳ! ಇಬ್ರೂ ಒಬ್ರನ್ನೊಬ್ರು ನೋಡಲಾರದಂಗ ಗ್ವಾಡಿ ನೋಡ್ಕೋತ ನಿಂತ್ವಿ, ಕೈಯಾಗ ಇಬ್ರದೂ ಅದ ಹಸರ ಪುಸ್ತಕ. ವಾಪಸ್ ಬಸ್ಸಿನ್ಯಾಗ ಒಂದ ಸೀಟು ಸಿಕ್ತು. ಅಕಿ "ಎಲ್ಲಿಗೆ ಹೋಗಿದ್ದಿ" ಅಂದ್ಳು. ನಾ "ಸಂತಿಗೆ" ಅಂದೆ. ಅಕಿ "ನಾನೂ ಸಂತಿಗೆ" ಅಂದ್ಳು. ಕಂಡಕ್ಟರ್ ಬೈಯುವಷ್ಟು ನಕ್ವಿ. ಈಗ ತಿಂಗಳಾ ಇಬ್ರೂ ಕೂಡೇ ಸಂತಿಗೆ ಹೋಗ್ತೀವಿ.

ಯಾಕ ಹೇಳಿದ್ನಿ ಅಂದ್ರ, ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅನ್ನೂದ ಒಂದ ನಮ್ಮ ಕೈಯಾಗ ಉಳದಿರೂದು. ತಮ್ಮಾ, ಕೇಸ್ ಹಾಕ್ತೀನಿ, ಪೇಪರ್‌ಗೆ ಕೊಡ್ತೀನಿ ಅಂತ ಬರದೀ. ಅಕ್ಕನ್ನ ಕೇಳೀಯೇನು?

ಬೆಣ್ಣೆದೋಸೆ_ಹುಡುಗ · 9:40

ಇಲ್ಲ ಅಕ್ಕ. ಕೇಳಿಲ್ಲ.

ಹದಿನಾಲ್ಕು_ವರ್ಷ · 9:43

ಆಸ್ಪತ್ರಿಯವ್ರೂ ಕೇಳಲಿಲ್ಲ, ನೀನೂ ಕೇಳಲಿಲ್ಲ. ನಿಂದು ಪ್ರೀತಿ, ಅದು ತಿಳೀತೈತಿ. ನಾಳೆ ಕೇಳು.

ಲಂಡನ್_ಗೌಡ್ತಿ · 9:50

ಇಂಥ ಮಾತು ನಾಲ್ಕು ದಶಕದ ಹಿಂದೆಯೇ ಬಂದಿದೆ. 1983ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಏಡ್ಸ್ ಇದ್ದವರೇ ಸಮ್ಮೇಳನದ ವೇದಿಕೆ ಏರಿ, ನಮ್ಮನ್ನು ಬಲಿಪಶು ಅಂತ ಕರೆಯಬೇಡಿ, ನಮ್ಮ ವಿಷಯದ ತೀರ್ಮಾನದಲ್ಲಿ ನಾವೂ ಇರಬೇಕು ಅಂದರು. ಆಗ ಔಷಧಿಯೇ ಇರಲಿಲ್ಲ.

ಹುಬ್ಳಿ_ಮಂದಿ · 9:58

ಮೇಡಂ, ಔಷಧಿ ಅಂದ್ರಿ ಅಂತ ಕೇಳ್ತೀನಿ. ಮೊದಲ ಮಾತ್ರಿ ಲಕ್ಷಗಟ್ಟಲೆ ಇತ್ತಂತಲ್ಲ?

ಲಂಡನ್_ಗೌಡ್ತಿ · 10:15

ಹೌದು. ಒಬ್ಬರಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್ ಮೇಲೆ. 2001ರಲ್ಲಿ ನಮ್ಮ ಸಿಪ್ಲಾ ಕಂಪನಿ ಮೂರು ಔಷಧಿಯ ಜೋಡಣೆಯನ್ನ ವರ್ಷಕ್ಕೆ 350 ಡಾಲರ್‌ಗೆ, ಅಂದರೆ ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ ಕೊಡ್ತೀವಿ ಅಂತು. ದಕ್ಷಿಣ ಆಫ್ರಿಕಾದಲ್ಲಿ ಎಚ್‌ಐವಿ ಔಷಧಿಗಾಗಿ ಹೋರಾಡುವ ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಸಂಘಟನೆಯವರು ಸರ್ಕಾರದ ಮೇಲೆ ಕೇಸ್ ಹಾಕಿದರು. 2002ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ, ಗರ್ಭಿಣಿಯರಿಗೆ, ಮಗುವಿಗೆ ಸೋಂಕು ದಾಟದಂತೆ ತಡೆಯುವ ನೆವಿರಪಿನ್ ಔಷಧಿ ಕೊಡಲೇಬೇಕು ಅಂತ ತೀರ್ಪು ಕೊಟ್ಟಿತು. ಮಾತ್ರೆ ಪುಕ್ಕಟೆ ಆಗಿದ್ದು ಯಾರ ದಯೆಯಿಂದಲೂ ಅಲ್ಲ.

ಕಪ್ಪು_ಕೋಟು · 10:22

ನಮ್ಮಲ್ಲೂ 2022ರಲ್ಲಿ ಮಾತ್ರೆ ಕೊರತೆ ಆದಾಗ ದೆಹಲಿಯ ನ್ಯಾಕೋ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಕಚೇರಿ ಮುಂದೆ ಒಂದು ತಿಂಗಳಿಗೂ ಹೆಚ್ಚು ಧರಣಿ ಕೂತಿದ್ದು ಮಾತ್ರೆ ನುಂಗುವವರೇ.

ಡಾಕ್ಟ್ರು_ಶಿವಮೊಗ್ಗ · 10:40

ಬೆಣ್ಣೆದೋಸೆ, ಜಗಳ ಆಮೇಲೆ. ಅಕ್ಕನಿಗೆ ಜ್ವರ, ಕಣ್ಣು ಹಳದಿ ಏನಾದರೂ ಇದೆಯಾ? ಇದ್ದರೆ ಕಾಯಬೇಡಿ, ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಇಲ್ಲದಿದ್ದರೆ ನಾಳೆ ಎಆರ್‌ಟಿ ಕೇಂದ್ರದ ಆಪ್ತ ಸಮಾಲೋಚಕರ ಮೂಲಕ ಹೋಗಿ, ಅವರಿಗೆ ಅಲ್ಲಿನ ಸರ್ಜರಿ ವಿಭಾಗದವರು ಗೊತ್ತಿರುತ್ತಾರೆ. ಮಾತ್ರೆಗಳನ್ನು ಆಪರೇಷನ್ ಅಂತ ಯಾರೂ ನಿಲ್ಲಿಸದಂತೆ ನೋಡಿಕೊಳ್ಳಿ.

ಥಿಯೇಟರ್_ಸಿಸ್ಟರ್ · 10:44

1097 ಸಹಾಯವಾಣಿ ಕೂಡ ಇದೆ, ಪುಕ್ಕಟೆ. ಡಿಸ್ಚಾರ್ಜ್ ಸಮ್ಮರಿ ಮತ್ತು ಲ್ಯಾಬ್ ರಿಪೋರ್ಟಿನ ಪ್ರತಿ ಕೇಳಿ ಇಟ್ಟುಕೊಳ್ಳಿ. ಮುಂದೆ ದೂರು ಕೊಡದಿದ್ದರೂ ಬೇಕಾಗುತ್ತದೆ.

ಬೆಣ್ಣೆದೋಸೆ_ಹುಡುಗ · ಶನಿವಾರ, ಸಂಜೆ 6:30

ಅಪ್‌ಡೇಟ್. ಮಂಗಳವಾರ ಬೆಳಿಗ್ಗೆ ಅಕ್ಕನಿಗೆ ಈ ಇಡೀ ಚರ್ಚೆ ತೋರಿಸಿದೆ. ಮೊದಲು ಚೆನ್ನಾಗಿ ಬೈದ್ಲು. "ನನ್ನ ಕಥೆ ಊರಿಗೆ ಹೇಳೋಕೆ ಮುಂಚೆ ನನ್ನ ಕೇಳೋದಲ್ವಾ" ಅಂತ. ಆಮೇಲೆ ಕನ್ನಡಕ ಹಾಕ್ಕೊಂಡು ಒಂದೂ ಬಿಡದೆ ಓದಿದ್ಲು. ಭಾವ ಹೋಗಿದ್ದು 2009 ಅಲ್ಲ 2008 ಅಂತ ತಿದ್ದಿದ್ಲು.

ಸರ್ಕಾರಿ ಆಸ್ಪತ್ರೆಯಲ್ಲಿ ಗುರುವಾರ ಆಪರೇಷನ್ ಆಯ್ತು. ಸಮಾಲೋಚಕಿ ಮೇಡಂ ಜೊತೆಗೇ ಬಂದಿದ್ರು. ಸ್ಟಿಕ್ಕರ್ ಇಲ್ಲ, ಏನಿಲ್ಲ. ಪೇಪರ್, ಟಿವಿ ಬೇಡ ಅಂದಿದ್ದಾಳೆ. ಹೆಸರು ಹೊರಗೆ ಬರಲ್ಲ ಅಂದ್ರೆ ದೂರು ಕೊಡ್ತೀನಿ ಅಂತಾಳೆ, ತಾನೇ ಬರೀತಾಳಂತೆ. ಅವಳಿಗೆ ಬೇಕಾಗಿರೋದು ದಂಡ ಅಲ್ಲ, ಆ ಟೆಸ್ಟ್ ಬರೆದಿದ್ದು ಯಾರು, ಸ್ಟಿಕ್ಕರ್ ಅಂಟಿಸು ಅಂದಿದ್ದು ಯಾರು ಅಂತ ಲಿಖಿತ ಉತ್ತರ. ಕಪ್ಪು ಕೋಟು ಸಾರ್, ಮೆಸೇಜ್ ಮಾಡಿದೀನಿ ನೋಡಿ.

ಫೋನು ಕಿತ್ಕೊಳ್ತಿದ್ದಾಳೆ, ಕೆಳಗಿನದು ಅವಳದ್ದೇ:

ನೇರ ಮಾತಿನವರೇ, ನಾನು ಮುಚ್ಚಿಟ್ಟಿಲ್ಲ. ಯಾರೂ ಕೇಳಲಿಲ್ಲ. ಬಾಗಿಲು ಹಾಕಿಕೊಂಡು, ಕೂತು, ಕೇಳಿದ್ದರೆ ಹೇಳುತ್ತಿದ್ದೆ. ಬಾಗಲಕೋಟೆ ಅಕ್ಕಾ, ನಾನು ಹತ್ತಿ ಅಲ್ಲ, ಹೊಲಿಗೆ ಚೂರು ಬಟ್ಟೆ ತುರುಕುತ್ತೇನೆ.

ನೇರ_ಮಾತು · 6:51

ಅಕ್ಕ, ಕ್ಷಮಿಸಿ. ದಂಡ ಕಡಿಮೆ ಅಂದಿದ್ದು ಮಾತ್ರ ವಾಪಸ್ ತಗೊಳ್ಳಲ್ಲ.

ಹದಿನಾಲ್ಕು_ವರ್ಷ · 7:05

ಚೂರು ಬಟ್ಟಿ ಐಡಿಯಾ ಛಲೋ ಐತಿ ನೋಡವಾ. ಮಳಿಗಾಲದಾಗ ಹತ್ತಿ ಥಂಡಿ ಹಿಡೀತೈತಿ.

ಲಂಡನ್_ಗೌಡ್ತಿ · 7:12

ಇಬ್ಬರಿಗೂ: ಡಬ್ಬಿ ಒಳಗೆ ಬರುವ ಆ ಸಣ್ಣ ಪೊಟ್ಟಣ ಎಸೆಯಬೇಡಿ, ಅದು ತೇವ ಹೀರೋಕೇ ಇರೋದು.

ಹುಬ್ಳಿ_ಮಂದಿ · 7:20

ಡಾಕ್ಟ್ರ, ಪಿತ್ತಕೋಶ ತೆಗದ ಮ್ಯಾಲ ಅಕ್ಕಾರು ಬೆಣ್ಣಿ ದೋಸಿ ತಿನ್ನಬಹುದೇನ್ರಿ?

ಡಾಕ್ಟ್ರು_ಶಿವಮೊಗ್ಗ · 7:34

ಒಂದು ತಿಂಗಳು ಬೆಣ್ಣೆ ಬೇಡ. ಖಾಲಿ ದೋಸೆ ತಿನ್ನಲಿ.

ಬೆಣ್ಣೆದೋಸೆ_ಹುಡುಗ · 7:36

"ದಾವಣಗೆರೆಯಲ್ಲಿ ಹುಟ್ಟಿ ಖಾಲಿ ದೋಸೆನಾ" ಅಂತ ಕೇಳ್ತಿದ್ದಾಳೆ.